ಹೈದರ್ ಸರ್ ಒಪ್ಪದ ಸಾಕ್ಷ್ಯ
ಹೊಸಕೋಟೆಯ ನಮ್ಮ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಅತಿಥಿ ಉಪನ್ಯಾಸಕ ಹೈದರ್ ಸರ್‌ಗೆ ಟೀ ಆರಿದರೂ ಚಿಂತೆಯಿಲ್ಲ, ಅಮೆರಿಕಕ್ಕೆ ಮನುಷ್ಯ ಮೊದಲು ಬಂದದ್ದು ಯಾವಾಗ ಎಂಬುದು ತೀರ್ಮಾನವಾಗಬೇಕು. ಹದಿಮೂರು ಸಾವಿರ ವರ್ಷವೆಂದು ಅಚ್ಚಾಗಿರುವ ಕಡೆಯೆಲ್ಲ ಪೆನ್ಸಿಲಿನಲ್ಲಿ ಪ್ರಶ್ನೆಚಿಹ್ನೆ ಹಾಕುತ್ತಾರೆ. ಅಲ್ಲಿನ ಒಣಕೆರೆಯ ಮನುಷ್ಯರ ಹೆಜ್ಜೆಗುರುತುಗಳು ಇಪ್ಪತ್ತೊಂದು ಸಾವಿರ ವರ್ಷ ಹಳೆಯವಂತೆ ಎಂದು ನಾನು ಹೇಳಿದರೆ, "ಪಕ್ಕದಲ್ಲಿ ಸಿಕ್ಕ ಬೀಜದಿಂದ ತಾನೇ ಲೆಕ್ಕ ಹಾಕಿದ್ದು? ನೀರಿನ ಹಳೇ ಇಂಗಾಲ ಸೇರ್ಕೊಂಡು ವಯಸ್ಸು ಜಾಸ್ತಿ ತೋರ್ಸಿದ್ರೆ?" ಎನ್ನುತ್ತಾರೆ; ಹೌದೆಂದು ತಲೆಯಾಡಿಸಿದರೆ, "ಆದ್ರೆ ಪರಾಗದ ಲೆಕ್ಕಾನೂ ಹಂಗೇ ಬಂತಲ್ಲಾ!" ಎಂದು ಆ ಕಡೆ ಸೇರುತ್ತಾರೆ. ರಸಾಯನಶಾಸ್ತ್ರ ಕಲಿಸುವ ನಾನು ಎದ್ದು ಹೋದರೆ ಕಸ ಗುಡಿಸುವ ಮುನಿತಾಯಮ್ಮ ಸಿಕ್ಕಿಬೀಳುತ್ತಾರೆ. "ಯಾವಾಗಾದ್ರೂ ಬರ್ಲಿ ಬಿಡಿ ಸಾ, ಬಂದೋರ್ಗೆ ಊಟ ಸಿಕ್ತಾ?" ಎನ್ನುತ್ತಾರೆ ಆಕೆ. ಈ ವರ್ಷ ಆಡಳಿತ ಮಂಡಳಿ ಹತ್ತು ವರ್ಷದ ಸೇವೆ ಇಲ್ಲದ ಅತಿಥಿ ಉಪನ್ಯಾಸಕರು ಬೇಡ ಎಂದಿತು. ಹೈದರ್ ಸರ್ ಬಂದು ಹದಿನಾಲ್ಕು ವರ್ಷ. ಮೊದಲ ಐದು ವರ್ಷದ ಹಾಜರಾತಿ ಪುಸ್ತಕ ಗೆದ್ದಲು ತಿಂದಿದೆ. "ನಾನು ಕಣ್ಣಾರೆ ಕಂಡಿದ್ದೀನಿ, ಬರೆದು ಕೊಡ್ತೀನಿ ಸಾರ್" ಎಂದೆ. "ನೆನಪು ದಾಖಲೆ ಅಲ್ಲ ಸಾರ್, ಬೇರೆಯವ್ರದ್ದಾಗಿದ್ರೆ ನಾನೇ ಒಪ್ತಿರ್ಲಿಲ್ಲ" ಎಂದರು. ಅರ್ಜಿಯಲ್ಲಿ ಒಂಬತ್ತು ವರ್ಷ ಎಂದು ತಾವೇ ತುಂಬಿ, ಸಹಿ ಹಾಕಿ, ಇಲ್ಲಿನ ತಮ್ಮ ಕೊನೆಯ ತರಗತಿಗೆ ಹೋದರು.