ಅವ್ವ ಒಲೆ ಬಿಟ್ಟ ದಿನಗಳು

ಪೀಣ್ಯದ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯೇ ಅವ್ವನ ಖಾನಾವಳಿ. ಅಪ್ಪ ಹತ್ತಿರದ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದ. ನಮ್ಮಂತೆಯೇ ಬಿಜಾಪುರದ ಕಡೆಯಿಂದ ಬಂದ ಒಂಟಿ ಹುಡುಗರು ಶಿಫ್ಟ್ ಮುಗಿಸಿ ಬಂದು ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು ಹೋಗುತ್ತಿದ್ದರು. ಸ್ನಾನ, ಲಿಂಗಪೂಜೆ ಮುಗಿಯದೆ ಅವ್ವ ಎಂದೂ ಒಲೆ ಹೊತ್ತಿಸಿದವಳಲ್ಲ. ಅವಳ ಶುಚಿಯ ಕಾಟಕ್ಕೆ ನಾನು ಎಷ್ಟೋ ಸಲ ಸಿಡುಕಿದ್ದೇನೆ.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ, ಊಟಕ್ಕೆ ಬರುತ್ತಿದ್ದ ಇಬ್ಬರು ಟೈಫಾಯಿಡ್ ಬಂದು ಮಲಗಿದರು. ಅಪ್ಪ ನೀರನ್ನು ಬೈದ. ಓನರ್ ಜೊತೆ ಜಗಳವಾಡಿ ತೊಟ್ಟಿ ತೊಳೆಸಿದ. ಅವ್ವ ಪಾಪ, ತಾನೇ ಗಂಜಿ ಮಾಡಿ ಅವರ ರೂಮಿಗೆ ಕಳಿಸಿದಳು. ಆಮೇಲೆ ನನ್ನ ತಮ್ಮನಿಗೂ ಬಂತು. ಜ್ವರ ಇಳಿಯಿತು ಅನ್ನುವಷ್ಟರಲ್ಲಿ ಕರುಳಿನ ಹುಣ್ಣಿನಿಂದ ರಕ್ತ ಹೋಗತೊಡಗಿತು. ಆಸ್ಪತ್ರೆಯಲ್ಲಿ ರಕ್ತ ಏರಿಸಿ ಅವನನ್ನು ಉಳಿಸಿಕೊಂಡರು. ಅವ್ವ ಆ ವಾರ್ಡಿನಲ್ಲಿ ಅತ್ತಷ್ಟು ಯಾರೂ ಅತ್ತದ್ದನ್ನು ನಾನು ಕಂಡಿಲ್ಲ.

"ಹುಡುಗ ಹೊರಗಡೆ ಎಲ್ಲೆಲ್ಲಿ ತಿಂತಾನಮ್ಮ?" ಎಂದು ಡಾಕ್ಟರು ಕೇಳಿದರು.

"ನನ್ನ ಕೈಯಾಂದು ಬಿಟ್ಟು ಒಂದ್ ತುತ್ತೂ ಹೊರಗ ಮುಟ್ಟಂಗಿಲ್ರಿ," ಎಂದಳು ಅವ್ವ, ಹೆಮ್ಮೆಯಿಂದ.

ಡಾಕ್ಟರು ಮನೆಯವರೆಲ್ಲರ ಮಲ ಪರೀಕ್ಷೆ ಮಾಡಿಸಲು ಹೇಳಿದರು. ರೋಗದ ಕ್ರಿಮಿ ಸಿಕ್ಕಿದ್ದು ಅವ್ವನಲ್ಲಿ.

"ನಾ ಜಳಕಾ ಮಾಡದ ಒಲಿ ಮುಂದ ಕುಂತಾಕಿ ಅಲ್ರಿ."

"ನಿಮ್ಮ ತಪ್ಪೇನೂ ಇಲ್ಲಮ್ಮ. ಯಾವಾಗ್ಲೋ ಟೈಫಾಯಿಡ್ ಬಂದು ಹೋಗಿದೆ, ಕ್ರಿಮಿ ಪಿತ್ತಕೋಶದಲ್ಲಿ ಉಳ್ಕೊಂಡಿದೆ. ಅಲ್ಲಿ ಕಲ್ಲೂ ಇದ್ರೆ ಬರೀ ಮಾತ್ರೆಗೆ ಹೋಗಲ್ಲ, ಆಪರೇಷನ್ ಬೇಕಾಗುತ್ತೆ. ಎಷ್ಟು ತೊಳೆದ್ರೂ ಕ್ರಿಮಿ ಕೈಯಿಂದ ಊಟಕ್ಕೆ ಸೇರ್ಬಹುದು, ಅಲ್ಲೀವರೆಗೂ ಅಡುಗೆ ಮಾಡ್ಬೇಡಿ."

ನನಗೆ ಆ ಡಾಕ್ಟರ ಮೇಲೆ ಕೆಟ್ಟ ಕೋಪ ಬಂತು. ಒಳ್ಳೆಯ ಮನುಷ್ಯ, ನಿಜ ಹೇಳಿದ್ದ, ಆದರೂ ಬಂತು.

ಅಪ್ಪ ಏನೋ ನೆಪ ಹೇಳಿ ಖಾನಾವಳಿ ಮುಚ್ಚೋಣ ಎಂದ. ಅವ್ವ ಒಪ್ಪಲಿಲ್ಲ. ಹುಡುಗರನ್ನೆಲ್ಲ ಕೂರಿಸಿ ತಾನೇ ಹೇಳಿದಳು: "ಜಡ್ಡು ನನ್ನ ಹೊಟ್ಯಾಗ ಐತ್ರಪಾ. ನನ್ನ ಕೈಲೆ ಇನ್ನ ಉಣಬ್ಯಾಡ್ರಿ. ನೀವೂ ದವಾಖಾನಿಗೆ ಹೋಗಿ ತೋರಿಸ್ಕೊಂಡ್ ಬರ್ರಿ." ಹುಡುಗರು ಒಬ್ಬೊಬ್ಬರಾಗಿ ಎದ್ದು ಹೊರಟರು. ಒಬ್ಬ ಮಾತ್ರ ಅವಳ ಕಾಲಿಗೆ ನಮಸ್ಕಾರ ಮಾಡಿ ಹೋದ.

ಒಲೆ ನನ್ನ ಪಾಲಿಗೆ ಬಂತು. ನಾನು ತಟ್ಟಿದ ರೊಟ್ಟಿ ಯಾವ ದೇಶದ ನಕಾಶೆಯನ್ನಾದರೂ ಹೋಲಬಹುದಿತ್ತು, ರೊಟ್ಟಿಯನ್ನು ಮಾತ್ರ ಅಲ್ಲ. ಅವ್ವ ಹೊಸ್ತಿಲಾಚೆ ಕುಳಿತು, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು, "ಉರಿ ಸಣ್ಣ ಮಾಡವ್ವ," ಅನ್ನುತ್ತಿದ್ದಳು. ತಮ್ಮ ನೀರು ಕೇಳಿದರೂ ಎದ್ದು ಕೊಡುತ್ತಿರಲಿಲ್ಲ, ನನ್ನನ್ನು ಕೂಗುತ್ತಿದ್ದಳು.

ಸ್ಕ್ಯಾನ್‌ನಲ್ಲಿ ಕಲ್ಲುಗಳು ಕಂಡವು. ವಾರಗಟ್ಟಲೆ ಮಾತ್ರೆ ನುಂಗಿದಳು, ಪಿತ್ತಕೋಶ ತೆಗೆಸಿಕೊಂಡಳು. ಮತ್ತೆ ಮತ್ತೆ ಮಾಡಿದ ಪರೀಕ್ಷೆಗಳಲ್ಲೂ ಕ್ರಿಮಿ ಕಾಣಲಿಲ್ಲ. ಡಾಕ್ಟರು ನಗುತ್ತಾ, ಇನ್ನು ಅಡುಗೆ ಮಾಡಿ ಎಂದರು.

ಅಂದೇ ರೊಟ್ಟಿ ತಟ್ಟಿ ತಮ್ಮನಿಗೆ ಬಡಿಸಿದಳು. ಅವನು ಗಬಗಬನೆ ತಿಂದ. ಕೈ ತೊಳೆದು ಬಂದವನ ಹಣೆಯ ಮೇಲೆ ಅವ್ವ ಅಂಗೈ ಇಟ್ಟಳು. ಮರುದಿನವೂ ಇಟ್ಟಳು. ಅವನಿಗೆ ಮದುವೆಯಾಗಿ, ಹೆಂಡತಿ ಜೊತೆ ಊಟಕ್ಕೆ ಬಂದಾಗಲೂ ಇಟ್ಟಳು. ಸೊಸೆ ಅದನ್ನು ಆಶೀರ್ವಾದ ಎಂದುಕೊಂಡು ತಾನೂ ತಲೆ ಬಾಗಿಸಿದಳು. ಅವ್ವ ಅವಳ ಹಣೆಯನ್ನೂ ಮುಟ್ಟಿ, ಬಿಸಿ ಇದೆಯೇ ಎಂದು ನೋಡಿದಳು.