ಮರಳುದಿಬ್ಬದ ಬಾಡಿಗೆ ಪುಂಡ

ಟಯರಿನಿಂದ ಗಾಳಿ ಬಿಡುವಾಗ ಬರುವ ಬಿಸಿ ರಬ್ಬರಿನ ವಾಸನೆ ನಿಮಗೆ ಹಿಡಿಸುತ್ತದೋ ಇಲ್ಲವೋ, ನನಗಂತೂ ಇಷ್ಟ. ಮರಳಿನಲ್ಲಿ ಹೂತುಹೋಗದಿರಲಿ ಎಂದು ಇಲ್ಲಿ ಕತಾರಿನಲ್ಲಿ ಎಲ್ಲರೂ ಗಾಳಿ ಇಳಿಸಿಯೇ ಹೊರಡುವುದು. ಕಳೆದ ಶುಕ್ರವಾರ ಬೆಳಿಗ್ಗೆ ಸೀಲೈನ್ ಕಡಲತೀರದ ದಿಬ್ಬಗಳ ಬುಡದಲ್ಲಿ, ನಾಲ್ಕು ಗಾಲಿಯ ಬಾಡಿಗೆ ಕ್ವಾಡ್ ಬೈಕುಗಳ ಅಂಗಡಿಯ ಮುಂದೆ ಆ ವಾಸನೆ ಬಂತು. ಮಗಳು ರಿಯಾ ಬೈಕು ಆರಿಸುತ್ತಿದ್ದಳು. ನಾನು ನಿಂತಲ್ಲೇ ಹಳೆಯ ನೌಕರಿಗೆ ಹೋಗಿಬಿಟ್ಟೆ.

ಆಗ ನಾನು ಒಂದು ತರಬೇತಿ ಕಂಪನಿಯಲ್ಲಿ ಗುಮಾಸ್ತ. ಮರಳುಗಾಡಿಗೆ ಮೋಜಿಗೆಂದು ಗಾಡಿ ತರುವವರ ಮೇಲೆ ಕಣ್ಣಿಡುವ ಗಸ್ತು ಅಧಿಕಾರಿಗಳಿಗೆ ಅಲ್ಲಿ ಪಾಠ. ದಿಬ್ಬ ಹತ್ತಿ ಇಳಿಯುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕಲಿಯಬೇಕಾದದ್ದು ಇನ್ನೊಬ್ಬರನ್ನು ನಿಲ್ಲಿಸುವುದನ್ನು. ಅಟ್ಟಿಸಿಕೊಂಡು ಹೋಗಬಾರದು, ಹೋದರೆ ಹೆದರಿದವನು ದಿಬ್ಬದ ಆಚೆಯ ಕಾಣದ ಇಳಿಜಾರಿಗೆ ಹಾರಿ ಬೀಳುತ್ತಾನೆ. ಮಾತಿನಲ್ಲೇ ಹಿಡಿಯಬೇಕು. ಅಭ್ಯಾಸಕ್ಕೆ ತಪ್ಪಿತಸ್ಥರು ಬೇಕಲ್ಲ? ಆಫೀಸಿನವರೇ ಆ ವೇಷ ಹಾಕುವುದು ಪದ್ಧತಿ. ಹಾಗೆ, ಉಡುಪಿಯಲ್ಲಿ ಸೈಕಲ್ ಬೆಲ್ ಬಾರಿಸಲೂ ಸಂಕೋಚಪಡುತ್ತಿದ್ದ ನಾನು ಕತಾರಿನಲ್ಲಿ ಪುಂಡನಾದೆ.

ಪುಂಡನಾಗಿ ನಾನು ಅಷ್ಟಕ್ಕಷ್ಟೇ. ಸಮವಸ್ತ್ರ ಕಂಡರೆ ಸಾಕು, ಕೈ ತಾನಾಗಿ ಇಂಜಿನ್ ಆರಿಸುತ್ತಿತ್ತು. ಕೇಳುವ ಮೊದಲೇ ಲೈಸೆನ್ಸನ್ನು ತಾಂಬೂಲ ಕೊಡುವ ಹಾಗೆ ಎರಡೂ ಕೈಯಲ್ಲಿ ಚಾಚಿ ‘ಸಾರಿ ಸರ್’ ಎನ್ನುತ್ತಿದ್ದೆ. ಊರಿನ ರಸ್ತೆಯಲ್ಲಿ ಮೈಗೂಡಿದ ಅಭ್ಯಾಸ, ಬಿಡು ಎಂದರೆ ಬಿಡುತ್ತದೆಯೇ? ನೋಡಿದವರೆಲ್ಲ ನಗುತ್ತಿದ್ದರು.

ಸಾಲೆಂ ಎಂಬ ತರುಣ ಅಧಿಕಾರಿಗೆ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ. ಬಹಳ ಮೆದು ಮಾತಿನವನು. ಜೋರು ಮಾಡುವವರಿಗೆ ಹಿಂದೆ ಸರಿದು ದಾರಿ ಬಿಡುತ್ತಿದ್ದ, ನನ್ನ ಮುಂದೆ ಸಲೀಸಾಗಿ ಗೆಲ್ಲುತ್ತಿದ್ದ. ಕೊನೆಯ ಪರೀಕ್ಷೆಯಲ್ಲಿ ಸೋತರೆ ಮರಳುಗಾಡು ಬಿಟ್ಟು ಆಫೀಸಿನ ಮೇಜಿಗೆ ಹೋಗಬೇಕು. ಅಪ್ಪನ ಒಂಟೆಗಳ ಹಿಂದೆ ಅದೇ ಮರಳಲ್ಲಿ ಬೆಳೆದವನಿಗೆ ಅದು ಶಿಕ್ಷೆಯೇ ಸರಿ. ಅವನ ಪರೀಕ್ಷೆಗೆ ಪುಂಡನಾಗಿ ನನ್ನ ಹೆಸರೇ ಬಂತು. ಹುಡುಗ ಪಾಸಾದ ಹಾಗೆಯೇ ಎಂದು ಒಳಗೊಳಗೇ ಹಿಗ್ಗಿದೆ. ಹಿಂದಿನ ದಿನ ಅವನು ಚಹಾ ತಂದುಕೊಟ್ಟು ಪಕ್ಕದಲ್ಲಿ ಕುಳಿತ.

“ನಾಳೆ ನನಗೆ ಬಿಟ್ಟುಕೊಡಬೇಡಿ,” ಎಂದ. “ಹೊರಗೆ ಯಾರೂ ನಿಮ್ಮ ಹಾಗೆ ಇರುವುದಿಲ್ಲ.”

ಸ್ವಲ್ಪ ಚುಚ್ಚಿತು, ನಿಜ. ಆದರೆ ಅವನ ಮೇಲೆ ಪ್ರೀತಿ ಹೆಚ್ಚಾದದ್ದೂ ಆಗಲೇ.

ಮರುದಿನ ನನ್ನ ಬೈಕಿನ ಹಿಂದಿನ ಸೀಟಿಗೆ ಮಗುವೆಂದು ಒಂದು ಮರಳಿನ ಚೀಲ ಕಟ್ಟಿದರು. ಮಗುವಿಗೆ ಹೆಲ್ಮೆಟ್ ಇಲ್ಲ, ಅದೇ ನನ್ನ ಅಪರಾಧ. ಸಾಲೆಂ ಕೈಯೆತ್ತಿದ. ನಾನು ನಿಂತೆ, ಇಂಜಿನ್ ಆರಿಸಲಿಲ್ಲ. ನೀನ್ಯಾರು ಕೇಳಲು, ನಿನ್ನ ಮೇಲಿನವರು ನನಗೆ ಗೊತ್ತು, ಒಂದು ಸಣ್ಣ ಸುತ್ತಿಗೆ ಹೆಲ್ಮೆಟ್ ಯಾಕೆ ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದವನು, ಅದು ಸಾಲದೆ ಅಪ್ಪಟ ಊರಿನ ಕನ್ನಡಕ್ಕೆ ಇಳಿದೆ. ಜನ್ಮದಲ್ಲಿ ಅಷ್ಟು ಕೂಗಿದ್ದಿಲ್ಲ. ಹಿತವಾಗಿಯೇ ಇತ್ತು.

ಸಾಲೆಂ ಕೂಗಲಿಲ್ಲ. ನಾನು ಮುಗಿಸುವವರೆಗೆ ಕಾದು, ಕಪ್ಪು ಕನ್ನಡಕ ತೆಗೆದು, ನನ್ನನ್ನು ಬಿಟ್ಟು ಚೀಲವನ್ನು ನೋಡಿದ.

“ಮಗುವಿನ ಹೆಸರೇನು?”

ಇದಕ್ಕೆ ನಾನು ಉತ್ತರ ತಯಾರು ಮಾಡಿಕೊಂಡಿರಲಿಲ್ಲ. “ರಿಯಾ,” ಎಂದುಬಿಟ್ಟೆ. ಆಗವಳು ಮನೆಯಲ್ಲಿ ತೊಟ್ಟಿಲಲ್ಲಿದ್ದ ಕೂಸು.

“ರಿಯಾಳ ಹೆಲ್ಮೆಟ್ ಎಲ್ಲಿ?”

ಇಂಜಿನ್ ಆರಿಸಿದೆ. ಕೀಲಿ ತೆಗೆದು ಅವನ ಅಂಗೈಗೆ ಹಾಕಿದೆ. ಮತ್ತೆ ಬಿಟ್ಟುಕೊಟ್ಟೆಯಾ ಎಂದು ತರಬೇತುದಾರರು ನನ್ನ ಮೇಲೆ ಹರಿಹಾಯ್ದರು. ಈ ಸಲ ನಿಜವಾಗಿಯೂ ಸೋತೆ ಎಂದು ಅವರಿಗೆ ನಂಬಿಸುವಷ್ಟರಲ್ಲಿ ಸಾಕುಸಾಕಾಯಿತು. ಸಾಲೆಂ ಪಾಸಾಗಿ ಮರಳುಗಾಡಿನಲ್ಲೇ ಉಳಿದ.

“ಅಪ್ಪಾ, ಯಲ್ಲಾ, ಬೇಗ ಹೊರಡೋಣ, ಎಷ್ಟೊತ್ತು ವೇಟ್ ಮಾಡೋದು?” ಎಂದು ರಿಯಾ ಕರೆದಾಗ ಎಚ್ಚರವಾಯಿತು. ಅವಳ ತಲೆಯ ಮೇಲೆ ದೊಡ್ಡವರ ಹೆಲ್ಮೆಟ್ ಗಡಿಗೆಯ ಹಾಗೆ ಅಲ್ಲಾಡುತ್ತಿತ್ತು. ಚಿಕ್ಕ ಸೈಜು ಖಲಾಸ್, ಒಂದು ಸಣ್ಣ ಸುತ್ತು ತಾನೇ ಎಂದ ಅಂಗಡಿಯವನು. ಅಂಗಡಿಯವರಿಗೆ ಬೇಡ ಎನ್ನುವುದು ನನ್ನ ಜಾಯಮಾನದಲ್ಲೇ ಇಲ್ಲ. ಅವತ್ತು ‘ಬೇಡ’ ಎಂದೆ, ಅಕ್ಕಪಕ್ಕದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ.

ಸವಾರಿ ತಪ್ಪಿದ ಮಗಳು ಮುಖ ಊದಿಸಿಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಕುಳಿತಳು. ಮುಐದರ್ ಬಡಾವಣೆಯ ನಮ್ಮ ಮನೆ ಬರುವವರೆಗೆ ಕನ್ನಡಿಯಲ್ಲಿ ಅವಳ ಸಿಟ್ಟಿನ ಮುಖ ಆಗಾಗ ನೋಡುತ್ತಾ, ನಾನು ನಿಧಾನವಾಗಿ, ಬಹಳ ಸುಖವಾಗಿ ಕಾರು ಓಡಿಸಿದೆ.