ಬಿಸಿನೀರು ಮಾಮ ಹಾಕಿದ ಕಪ್ಲಿಂಗ್

ಬಾಯ್ಲರ್ ರಿಪೇರಿಯಲ್ಲಿ ನಮ್ಮ ಬೀದಿಯ ಬಿಸಿನೀರು ಮಾಮನದು ಪಳಗಿದ ಕೈ. ಆ ಅಡ್ಡಹೆಸರು ಇಟ್ಟವರು ಮಕ್ಕಳು. ಆಮೇಲೆ ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯತೊಡಗಿದರು. ಮುಚ್ಚಳ ಬಿಚ್ಚಿ ಒಮ್ಮೆ ಇಣುಕಿದರೆ ಸಾಕು, ಏನು ಕೆಟ್ಟಿದೆ ಅಂತಷ್ಟೇ ಅಲ್ಲ, ಯಾರಿಂದ ಕೆಟ್ಟಿತು ಅಂತಲೂ ಮಾಮ ಹೇಳಿಬಿಡುತ್ತಿದ್ದರು. ಜನ ತಲೆದೂಗುತ್ತಿದ್ದರು. ಮಾಮನಿಗೂ ಅದು ಹಿತವಾಗಿಯೇ ಇತ್ತು.

ಮೂರನೇ ಮಹಡಿಯ ಟೀಚರ್ ಮನೆಯ ಬಾಯ್ಲರ್ ಕೆಟ್ಟಾಗಲೂ ಹಾಗೇ ಆಯಿತು. ಟೀಚರ್ ಬೆಳಗ್ಗೆಯೇ ಶಾಲೆಗೆ ಹೊರಡುವವರು, ಮನೆಯಲ್ಲಿ ಹಾಸಿಗೆ ಹಿಡಿದ ಅಪ್ಪ. ಆ ಅಜ್ಜನನ್ನು ನೋಡಿಕೊಳ್ಳಲು ನಾಲ್ಕು ವರ್ಷದಿಂದ ಒಬ್ಬಾಕೆ ಬರುತ್ತಿದ್ದಳು. ಕಟ್ಟಡಕ್ಕೆಲ್ಲ ಅವಳು ಅಕ್ಕ.

ಮಾಮ ಬಾಯ್ಲರಿನೊಳಗೆ ನೀರು ಕಾಯಿಸುವ ಕಾಯಿಲ್ ಹೊರಗೆಳೆದರು. ಕರ್ರಗೆ ಸುಟ್ಟು ಸೀಳಿಹೋಗಿತ್ತು.

"ಒಳಗೆ ನೀರಿಲ್ಲದೆ ಸ್ವಿಚ್ ಹಾಕಿದ್ದಾರೆ," ಎಂದರು.

"ಇಲ್ಲ ಅಣ್ಣ, ನಲ್ಲಿ ತಿರುಗಿಸಿ ನೀರು ಬರೋದು ನೋಡಿಯೇ ಹಾಕಿದ್ದು. ಆಮೇಲೆ ಮೇಲಿನ ಟ್ಯಾಂಕ್ ತೊಳೆಯೋರು ಬಂದ್ರು, ಅಷ್ಟೇ," ಎಂದಳು ಅಕ್ಕ.

"ಮನುಷ್ಯರು ಸುಳ್ಳು ಹೇಳಬಹುದಮ್ಮ, ಕಾಯಿಲ್ ಹೇಳಲ್ಲ," ಎಂದು ಮಾಮ ನಕ್ಕರು.

ಟೀಚರ್ ನಗಲಿಲ್ಲ. "ಇವತ್ತು ಬಾಯ್ಲರ್, ನಾಳೆ ಅಪ್ಪನ ಮಾತ್ರೆ," ಎಂದು ಆ ವಾರವೇ ಅಕ್ಕನನ್ನು ಕೆಲಸದಿಂದ ಬಿಡಿಸಿದರು. ಸುದ್ದಿ ಚಹಾದಂಗಡಿಯಲ್ಲಿ ಮಾಮನ ಕಿವಿಗೆ ಬಿತ್ತು. "ಅಯ್ಯೋ ಪಾಪ," ಎಂದು ಚಹಾ ಕುಡಿದು ಎದ್ದರು.

ಎರಡು ತಿಂಗಳಿಗೆ ಅದೇ ಮನೆಯಿಂದ ಮತ್ತೆ ಫೋನು. ಹೊಸ ಕಾಯಿಲ್ ಕೂಡ ಸುಟ್ಟುಹೋಗಿತ್ತು. ಈ ಸಲ ಸ್ವಿಚ್ ಹಾಕಿದವರು ಸ್ವತಃ ಟೀಚರ್. ಅವತ್ತು ಮೋಟಾರ್ ಕೆಟ್ಟು ಮೇಲಿನ ಟ್ಯಾಂಕ್ ಬರಿದಾಗಿತ್ತು. ಮಾಮ ಬಾಯ್ಲರಿನ ಹಿಂದೆ ಕೈ ತೂರಿಸಿ, ತಣ್ಣೀರಿನ ಪೈಪನ್ನು ತಡವಿ, ಟಾರ್ಚ್ ಬಿಟ್ಟು ನೋಡಿದರು. ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್ ಇರಬೇಕಾದ ಜಾಗದಲ್ಲಿ, ಎರಡು ಪೈಪು ಜೋಡಿಸುವ ಸಾದಾ ಕಪ್ಲಿಂಗ್ ಕೂತಿತ್ತು. ಅದರ ಸುತ್ತ, ನೀರು ಸೋರದಂತೆ, ಕೆಂಪು ಬಣ್ಣದಲ್ಲಿ ಅದ್ದಿದ ನೂಲು. ಹಾಗೆ ನೂಲು ಸುತ್ತುವವರು ಈ ಸುತ್ತಮುತ್ತ ಮಾಮ ಒಬ್ಬರೇ.

ಆಗ ನೆನಪಾಯಿತು. ಹೋದ ವರ್ಷ ಸರ್ವೀಸ್ ಮಾಡುವಾಗ ವಾಲ್ವ್ ಜಾಮ್ ಆಗಿತ್ತು. ಕಿತ್ತುಹಾಕಿ, ನಾಳೆ ಹೊಸದು ತಂದರಾಯಿತು ಎಂದು ಕಪ್ಲಿಂಗ್ ಹಾಕಿದ್ದರು. ಆ ನಾಳೆ ಬರಲೇ ಇಲ್ಲ. ವಾಲ್ವ್ ಇಲ್ಲದಿದ್ದರೆ, ಟ್ಯಾಂಕ್ ಖಾಲಿಯಾದಾಗ ಬಾಯ್ಲರಿನ ನೀರೂ ಹಿಂದಕ್ಕೆ, ಕೆಳಗಿನ ಮನೆಗಳ ಪೈಪಿಗೆ ಇಳಿದುಹೋಗುತ್ತದೆ. ಅಕ್ಕ ಹೇಳಿದ್ದು ಅಕ್ಷರಶಃ ನಿಜ.

ಬಾಗಿಲಲ್ಲಿ ಟೀಚರ್ ನಿಂತಿದ್ದರು. "ವೋಲ್ಟೇಜ್ ಏರುಪೇರಾಗಿರಬೇಕು, ಅಲ್ವಾ?"

"ಹೂಂ... ಆಗಿರಬಹುದು," ಎಂದರು ಮಾಮ, ತಲೆಯೆತ್ತದೆ.

ಹೊಸ ಕಾಯಿಲ್, ಹೊಸ ವಾಲ್ವ್ ಎರಡನ್ನೂ ಕೂರಿಸಿ ಮನೆಗೆ ಬಂದರು. ತಟ್ಟೆಯ ಮುಂದೆ ಕೂತರೆ ತುತ್ತು ಇಳಿಯಲಿಲ್ಲ.

"ಏನು, ಗಂಟಲಲ್ಲಿ ಸ್ಪ್ಯಾನರ್ ಸಿಕ್ಕಿಹಾಕ್ಕೊಂಡಿದೆಯಾ?" ಎಂದರು ಹೆಂಡತಿ. ಮಾಮ ಎಲ್ಲ ಹೇಳಿದರು. ಆಕೆ ಸೌಟು ಕೆಳಗಿಟ್ಟು, "ಅವಳು ಹೇಳ್ತಿದ್ದಾಗ ನೀವು ಪೈಪ್ ಕಡೆ ನೋಡಲೇ ಇಲ್ವಾ?" ಎಂದಷ್ಟೇ ಕೇಳಿದರು.

ಮರುದಿನ ಬೆಳಗ್ಗೆ ಟೀಚರ್ ಶಾಲೆಗೆ ಹೊರಡುವ ಮೊದಲೇ ಮಾಮ ಮೆಟ್ಟಿಲು ಹತ್ತಿದರು. "ವೋಲ್ಟೇಜ್ ಅಲ್ಲ ಟೀಚರ್. ತಪ್ಪು ನಂದು. ಎರಡು ಸಲವೂ."

ಟೀಚರ್ ಕೈಚೀಲ ಹೆಗಲಲ್ಲೇ ಇಟ್ಟುಕೊಂಡು ಕುರ್ಚಿಯಲ್ಲಿ ಕುಸಿದರು. ಮಾಮನಿಗೆ ಬೈಯುತ್ತಾರೆಂದುಕೊಂಡರೆ, "ನಿಮ್ಮ ಹತ್ತು ನಿಮಿಷದ ಮಾತು ನಂಬಿದೆ. ಅವಳನ್ನ ನಾಲ್ಕು ವರ್ಷ ನೋಡಿದ್ದೆ," ಎಂದರು. ಅಲ್ಲಿಂದಲೇ ಅಕ್ಕನಿಗೆ ಮೂರು ಸಲ ಫೋನ್ ಮಾಡಿದರು. ಅವಳು ಎತ್ತಲಿಲ್ಲ.

ಮಾಮ ಅವರಿವರನ್ನು ಕೇಳಿ ಮಾರ್ಕೆಟ್ ಹಿಂದಿನ ಒಂದು ಮನೆ ಪತ್ತೆಹಚ್ಚಿದರು. ಅಕ್ಕ ಅಲ್ಲೊಬ್ಬ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದಳು. ಗೇಟಿನ ಹೊರಗೇ ನಿಂತು ಮಾಮ ಕಪ್ಲಿಂಗಿನ ಕಥೆ ಒಪ್ಪಿಸಿದರು. "ಅವತ್ತು ನಿನ್ನ ಮುಂದೆ ನಕ್ಕುಬಿಟ್ಟೆನಲ್ಲಮ್ಮ," ಎಂದರು.

"ಅಜ್ಜನಿಗೆ ಈಗ ಯಾರು ಸ್ನಾನ ಮಾಡಿಸ್ತಾರೆ?" ಎಂದಳು ಅಕ್ಕ.

"ಟೀಚರೇ. ನೀನು ವಾಪಸ್ ಬರ್ತೀಯಾ ಅಂತ ಕೇಳಿ ಅಂದಿದ್ದಾರೆ."

"ಇಲ್ಲ ಅಣ್ಣ. ಈ ಅಜ್ಜಿ ನನ್ನ ಕೈ ಹಿಡಿದೇ ಏಳೋದು. ಬಿಟ್ಟು ಹೇಗೆ ಬರಲಿ?" ಗೇಟು ಹಾಕಹೋದವಳು ನಿಂತಳು. "ಟೀಚರ್‌ಗೆ ಒಂದು ಮಾತು ಹೇಳಿ. ಬೆನ್ನಿಗೆ ನೀರು ಹಾಕೋ ಮೊದಲು ಅಜ್ಜನ ಅಂಗೈಗೆ ಸ್ವಲ್ಪ ಹಾಕಬೇಕು. ಇಲ್ದಿದ್ರೆ ಬೆಚ್ಚಿಬೀಳ್ತಾರೆ."

ಮಾಮ ಆ ಮಾತನ್ನು ಹೊತ್ತು ಮತ್ತೆ ಮೂರು ಮಹಡಿ ಹತ್ತಿದರು. ಟೀಚರ್ ಕೇಳಿಸಿಕೊಂಡು, "ಬೇರೇನೂ ಹೇಳಲಿಲ್ವಾ? ಬೈಯಲಿಲ್ವಾ?" ಎಂದರು.

"ಇಲ್ಲ," ಎಂದರು ಮಾಮ. ಬೈದಿದ್ದರೆ ಇಬ್ಬರಿಗೂ ಒಂಚೂರು ಹಗುರವಾಗುತ್ತಿತ್ತೇನೋ. ಟೀಚರ್ ಬಟ್ಟೆಯ ತೋಳು ಮೇಲಕ್ಕೆ ಮಡಚಿಕೊಂಡು, ಅಪ್ಪನ ಸ್ನಾನಕ್ಕೆ ಬಕೆಟ್ ತುಂಬಿಸಲು ಒಳಗೆ ಹೋದರು.